ಅಡುಗೆಮನೆಯ ಜ್ಞಾನ ನಿರ್ವಹಣೆ

ನನ್ನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ. (ಗಾಬರಿಯಾಗಬೇಡಿ, ಅಕ್ಕನ ಮನೆಗೆ.) ವಾರಕ್ಕೆಂದು ಹೋದವಳು ತಿಂಗಳಾದರೂ ಬಂದಿಲ್ಲ. ತಪ್ಪು ಅವಳದಲ್ಲ, ನನ್ನ ಉದ್ಯೋಗದ್ದು.

ನಾನು ಕಂಪನಿಯಲ್ಲಿ ಜ್ಞಾನ ನಿರ್ವಹಣಾಧಿಕಾರಿ. ಅಂದರೆ, ನಿವೃತ್ತರಾಗುವವರ ತಲೆಯಲ್ಲಿರುವುದನ್ನೆಲ್ಲ ಹಿಂಡಿ ಕಂಪ್ಯೂಟರಿಗೆ ತುಂಬುವವನು. ಅವಳು ಹೊರಡುವ ಮುನ್ನಾದಿನ ನನಗೆ ಜ್ಞಾನೋದಯವಾಯಿತು: ಈ ಮನೆಯ ಸಮಸ್ತ ಜ್ಞಾನವೂ ಒಂದೇ ತಲೆಯಲ್ಲಿದೆ. ಕೂಡಲೇ ಅವಳನ್ನು ಕೂರಿಸಿಕೊಂಡು ಕೇಳಿ ಕೇಳಿ, ಡಬ್ಬ, ಕಪಾಟು, ಸ್ವಿಚ್ಚುಗಳಿಗೆಲ್ಲ ಚೀಟಿ ಅಂಟಿಸಿದೆ.

“ಡಬ್ಬದಲ್ಲಿ ಸಕ್ಕರೆ ಇದೆ ಅನ್ನೋದು ದತ್ತಾಂಶ ಕಣೇ. ಅದು ಮೇಲಿನ ಅರೇಲಿದೆ ಅನ್ನೋದು ಮಾಹಿತಿ.”

“ನಿಮ್ಮ ಕೈಗೆ ಸಿಗಬಾರದು ಅಂತ ಅಲ್ಲಿಟ್ಟಿದೀನಿ. ಅದೇನು?”

ಅದು ಜ್ಞಾನ. ಅದಕ್ಕೆ ಮಾತ್ರ ಚೀಟಿ ಬರೆಯಲಿಲ್ಲ.

“ಇನ್ನು ನಾನಿಲ್ಲದಿದ್ರೂ ನಡೆಯುತ್ತೆ ಬಿಡಿ,” ಎಂದು ನಿಶ್ಚಿಂತೆಯಿಂದ ಹೊರಟಳು. ನಡೆಯಿತು ಕೂಡ. ತೊಂದರೆಯಾದದ್ದೇ ಅಲ್ಲಿ.

ಮದುವೆಯಾದ ಹೊಸತರಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಇದ್ದದ್ದೇ ನಾಲ್ಕು ಡಬ್ಬ. ಆದರೂ ನಾನು “ಟೀಪುಡಿ ಎಲ್ಲೇ?” ಎನ್ನುತ್ತಿದ್ದೆ. ಅವಳು ಬಟ್ಟೆ ಒಗೆಯುತ್ತಲೇ “ನಿಮ್ಮ ಮೂಗಿನ ಕೆಳಗೇ ಇದೆ,” ಎಂದು ಕೂಗುತ್ತಿದ್ದಳು. ಮುನಿಸಿಕೊಂಡು ಮಾತು ಬಿಟ್ಟ ದಿನಗಳಲ್ಲೂ ಬೀಗದಕೈ ಕೇಳುವ ನೆಪದಲ್ಲಿ ರಾಜಿಯಾಗುತ್ತಿತ್ತು. ಚೀಟಿಯೊಂದಿಗೆ ಜಗಳವಾಡಲು ಬರುತ್ತದೆಯೇ? ಈ ಒಂದು ತಿಂಗಳು ಮನೆಯಲ್ಲಿ ಎಲ್ಲವೂ ಕೈಗೆ ಸಿಗುತ್ತಿತ್ತು, ಆ ಕೂಗೊಂದು ಬಿಟ್ಟು. ಅದಿಲ್ಲದೆ ಬಿಕೋ ಎನ್ನುತ್ತಿದೆ ಎಂದು ಅವಳಿಗೆ ಹೇಳೋಣವೆಂದರೆ ಬಿಗುಮಾನ.

ಇವತ್ತು ಬೆಳಿಗ್ಗೆ ಚೀಟಿಗಳನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿ, ಫೋನ್ ಮಾಡಿದೆ.

“ಉಪ್ಪು ಎಲ್ಲೇ?”

“ಇದು ಉಪ್ಪು ಹುಡುಕೋರ ದನಿ ಅಲ್ಲ. ನಾನು ಬರಬೇಕಾ?”

“ಬಾ,” ಎಂದೆ.

“ಮಧ್ಯಾಹ್ನದ ಹೊತ್ತಿಗೆ ಬರ್ತೀನಿ. ಅಕ್ಕ, ಭಾವನೂ ಬರ್ತಾರೆ. ಚೀಟಿ ನೋಡ್ಕೊಂಡು ಎಲ್ಲರಿಗೂ ನೀವೇ ಅಡುಗೆ ಮಾಡಿ ಹಾಕ್ತೀರಿ ಅಂತ ಮೊದಲೇ ಹೇಳ್ಬಿಟ್ಟಿದೀನಿ. ಭಾವಂಗೆ ನಂಬಿಕೇನೇ ಇಲ್ಲ, ನೋಡ್ಲಿ ಒಂದ್ಸಲ.”

ಸದ್ಯ ಅಡುಗೆಮನೆಯ ನೆಲದ ಮೇಲೆ ಕೂತು ಬಿಳಿ ಪುಡಿಗಳನ್ನು ಒಂದೊಂದಾಗಿ ನೆಕ್ಕಿ ನೋಡುತ್ತಿದ್ದೇನೆ. ಅಡುಗೆ ಸೋಡಾ ಯಾವುದೆಂಬುದು ಈಗಷ್ಟೇ ತಿಳಿಯಿತು.