ಅಡ್ಡ ಬಿದ್ದ ಮಣೂಕ

ನನಗೆ ಆರಿಸಲು ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳುವಷ್ಟರಲ್ಲಿ ಎರಡು ಪದವಿಗಳೂ ಅರ್ಧ ತಲೆಗೂದಲೂ ಖರ್ಚಾಗಿದ್ದವು. ಸಂತೆಯಲ್ಲಿ ಬದನೆಕಾಯಿ ಆರಿಸಿದರೆ ಹುಳುಕಿನದೇ ನನ್ನ ಚೀಲ ಸೇರುತ್ತಿತ್ತು. ಇಂಥವನಿಗೆ ತೊಂಬತ್ತರ ದಶಕದಲ್ಲಿ ಸಿಕ್ಕ ನೌಕರಿಯೆಂದರೆ ದಿನವಿಡೀ ಆರಿಸುವುದು!

ದೂರದ ಶಹರದಲ್ಲೊಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೇಂದ್ರ. ಅಲ್ಲಿ ಪ್ರೋಟೀನಿನ ಫೋಟೋ ತೆಗೆದರೆ ಬರೀ ಮಬ್ಬು ಚುಕ್ಕೆಗಳು ಕಾಣುತ್ತಿದ್ದವು. ಅವುಗಳಲ್ಲಿ ಒಳ್ಳೆಯವನ್ನು ಸಾವಿರಗಟ್ಟಲೆ ಆರಿಸಿ ಕಂಪ್ಯೂಟರಿಗೆ ಉಣಿಸಿದರೆ, ಅದು ಎಲ್ಲವನ್ನೂ ಕೂಡಿಸಿ ಒಂದು ಸ್ಪಷ್ಟ ಆಕೃತಿ ಕೊಡಬೇಕು. ಆರು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಆರಿಸಿದೆ. ಬಂದದ್ದು ಒಂದು ಚಪ್ಪಟೆ ಬಿಲ್ಲೆ. "ಇದು ಪ್ರೋಟೀನೋ ಚಪಾತಿಯೋ?" ಎಂದರು ನಮ್ಮ ಸಾಹೇಬರು. ಇನ್ನೊಂದು ತಿಂಗಳಲ್ಲಿ ಸರಿಹೋಗದಿದ್ದರೆ ಈ ಕೆಲಸ ಬೇರೆಯವರಿಗೆ ಎಂದೂ ಸೇರಿಸಿದರು.

ಮೋರೆ ಸಣ್ಣದು ಮಾಡಿಕೊಂಡು, ಫೋಟೋಗಳನ್ನು ಚೀಲಕ್ಕೆ ತುರುಕಿ, ಅಥಣಿ ಕಡೆಯ ಚಿಗವ್ವನ ಮನೆಗೆ ಹೋದೆ. ನನ್ನನ್ನು ಸಾಕಿದವಳು ಅವಳೇ. ದ್ರಾಕ್ಷಿ ಒಣಗಿಸುವ ದಿನಗಳು. ಶೆಡ್ಡಿನ ತುಂಬ ಆ ಹುಳಿಸಿಹಿ ವಾಸನೆ. ಮೊರದಲ್ಲಿ ಮಣೂಕ ಆರಿಸುತ್ತ ಕೂತಿದ್ದ ಚಿಗವ್ವ ಚಾಳೀಸು ಏರಿಸಿ ನನ್ನ ಫೋಟೋ ನೋಡಿದಳು.

"ಗುಂಡಗಿದ್ದವಕ್ಕಷ್ಟ ಯಾಕ ಗುರ್ತ ಹಾಕೀದಿ?"

"ಅವು ಚಲೋ ಅದಾವ ಚಿಗವ್ವ. ಉದ್ದನವು ಕಸ."

"ಕಸ ಅಂತ ಯಾವ ಶಾಣ್ಯಾ ಹೇಳಿದಾ?" ಒಂದು ಒಣದ್ರಾಕ್ಷಿಯನ್ನು ಬೆರಳಲ್ಲಿ ಹಿಡಿದಳು. "ನಿಂದರಿಸಿ ಮ್ಯಾಲಿಂದ ನೋಡು, ಗುಂಡಗ ಕಾಣತೈತಿ. ಅಡ್ಡ ಮಲಗಿಸು, ಉದ್ದ ಕಾಣತೈತಿ. ಅಷ್ಟಕ್ಕ ಮಣೂಕ ಬ್ಯಾರೆ ಆತೇನ್ಲೇ?"

ನನ್ನ ಕಿವಿ ಬಿಸಿಯಾಯಿತು. ಅಡ್ಡ ಬಿದ್ದ ಪ್ರೋಟೀನುಗಳನ್ನೆಲ್ಲ ಆರು ತಿಂಗಳಿಂದ ಕಸವೆಂದು ಎಸೆದಿದ್ದೆ! ಮರುದಿನವೇ ಬಸ್ಸು ಹತ್ತಿದೆ. ಎರಡೂ ಬಗೆಯವನ್ನು ಸೇರಿಸಿ ಆರಿಸಿದಾಗ ಕಂಪ್ಯೂಟರು ಚೆಂದದೊಂದು ಪೀಪಾಯಿಯ ಆಕಾರ ಕೊಟ್ಟಿತು. ಸಾಹೇಬರು ಬೆನ್ನು ತಟ್ಟಿ, "ಹೇಗೆ ಹೊಳೆಯಿತಪ್ಪಾ?" ಎಂದು ಕೇಳಿದರು.

"ಹೀಗೇ, ಯೋಚಿಸುತ್ತಿದ್ದೆ ಸರ್," ಎಂದೆ.

ಮರುವರ್ಷ ಅಚ್ಚಾದ ಲೇಖನ ಹಿಡಿದು ಶೆಡ್ಡಿಗೆ ಹೋದೆ. ಚಿಗವ್ವ ಚಿತ್ರ ನೋಡಿ, "ಅಷ್ಟೆಲ್ಲಾ ಆರಿಸಿ ಕಡೀಕ ಒಂದ ಉಳೀತ?" ಎಂದು ಮರುಗಿದಳು.

"ನೀ ಹೇಳಿದ್ದಕ್ಕ ಬಂತು ಇದು," ಎಂದೆ ಹೆಮ್ಮೆಯಿಂದ.

"ಹಂಗಂತ ನಿಮ್ಮ ಸಾಹೇಬ್ರ ಮುಂದ ಹೇಳಿದಿ ಏನು?"

ನಾನು ಲೇಖನವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಅವಳು ನಕ್ಕು, ಒಂದು ಹಿಡಿ ಮಣೂಕ ನನ್ನ ಕಿಸೆಗೆ ಹಾಕಿ ತನ್ನ ಕೆಲಸಕ್ಕೆ ತಿರುಗಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ: ಅದು ಚಿಗವ್ವನ ಬುದ್ಧಿ. ಚಿಗವ್ವ ಈಗಿಲ್ಲ. ಸಾಹೇಬರೂ ಇಲ್ಲ. ಕೇಳಬೇಕಾದವರು ಯಾರೂ ಉಳಿಯದಿದ್ದಾಗ ನಿಜ ಹೇಳುವ ಧೈರ್ಯ ನನಗೆ ಧಾರಾಳವಾಗಿದೆ.