ಎರಡು ಕಣ್ಣಿನ ‘ಹೆ’ ಮತ್ತು ಕಾಕಾನ ಬಂಡಿ

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಗೊತ್ತಿಲ್ಲದ ವಿಷಯದಾಗ ನಾನು ಇವತ್ತಿನ ತನಕ ಸುಮ್ಮ ಕೂತವನಲ್ಲ. ಗೊತ್ತಿದ್ದ ವಿಷಯ ಯಾರು ಬೇಕಾದ್ರೂ ಮಾತಾಡ್ತಾರ, ಅದ್ರಾಗೇನು ದೊಡ್ಡಸ್ತಿಕಿ? ಏನೇನೂ ಗೊತ್ತಿರದೇ ಅರ್ಧ ತಾಸು ಮಾತಾಡಿ, ಎದುರಿನವರು ಹೌದ್ಹೌದು ಅಂತ ತಲಿ ಅಲ್ಲಾಡಿಸೂ ಹಂಗ ಮಾಡ್ಲಿಕ್ಕೆ ಎದಿ ಬೇಕ್ರಿ. ಆ ಎದಿ ದೇವರು ನನಗ ಇಬ್ಬರದ್ದು ಕೊಟ್ಟಾನ. ತಲಿ ಕೊಡೋ ಸರದಿ ಬಂದಾಗ ಮಾತ್ರ ಅವನ ಗೋದಾಮು ಖಾಲಿ ಆಗಿತ್ತು ಕಾಣಸ್ತದ.

ನಮ್ಮ ಕಾಕಾಂದು ಕಲಬುರಗಿಯೊಳಗ ಲಗ್ನದ ಸಾಮಾನು ಬಾಡಿಗಿಗೆ ಕೊಡೋ ಅಂಗಡಿ. ಶಾಮಿಯಾನ, ಗ್ಯಾಸಬತ್ತಿ, ಒಳಗ ಇಳದು ತಿಕ್ಕೋ ಅಂಥಾ ಹಂಡೆ, ಎಲ್ಲಾ ಅದಾವ. ನಾನು ಅಲ್ಲಿ ಗ್ಯಾಸಬತ್ತಿ ಗಾಜು ಒರಸೋ ಹುದ್ದೇದಾಗ ಇದ್ದೆ. ಪೋಲೀಸ್ ಆಕ್ಷನ್ ಆಗಿ, ನಿಜಾಮರ ರಾಜ್ಯ ಹೋಗಿ, ಊರು ಸಮಾಧಾನಕ್ಕ ಬಂದ ಮ್ಯಾಲ, ಅಲ್ಲೀ ತನಕ ತಡದು ಇಟ್ಟಿದ್ದ ಲಗ್ನ ಎಲ್ಲಾ ಒಮ್ಮಿಗೇ ಹೊಂಟವು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಸಾಮಾನು ಹೇರೋ ಬಂಡಿ ಅಚ್ಚು ಮುರಕೊಂಡು ಬಾಗಿಲ ಮುಂದ ಕೂತುಬಿಡ್ತು. ಕಮಲಾಪುರದ ಪಾಟೀಲರ ಮಗಳ ಲಗ್ನಕ್ಕ ಹದಿನೈದು ದಿನ ಉಳದಿದ್ವು.

“ಏ ತಮ್ಮಾ,” ಅಂದ್ರು ಕಾಕಾ, “ಹಳೇದು ತಗೋಬೇಕೋ ಹೊಸಾದು ಮಾಡಿಸ್ಬೇಕೋ, ನೀನ ನೋಡು. ಪಾಟೀಲರ ಸಾಮಾನು ಹೊತ್ತಿಗೆ ಸರಿ ಮುಟ್ಟಿದ್ರ ಅಂಗಡಿ ಕೀಲಿ ನಿನ್ನ ಕೈಯಾಗ ಕೊಡ್ತೀನಿ. ಮುಟ್ಟಲಿಲ್ಲಂದ್ರ ಸಾಯೋತನ ಗಾಜು ಒರಸು.”

ಕೀಲಿ! ಕಾಕಾನ ಸೊಂಟದಾಗ ಆ ಕೀಲಿ ಗೊಂಚಲು ಝಣ್ ಝಣ್ ಅಂದ್ರ ಓಣಿ ಮಂದಿ ತಿರುಗಿ ನೋಡ್ತಿದ್ರು. ಅವತ್ತಿಂದ ನಾನು ಸೊಂಟ ಒಂದು ಕಡೆ ವಾಲಿಸಿ ನಡಿಯೋದು ರೂಢಿ ಮಾಡ್ದೆ. ಕಾಕಿ, “ಯಾಕೋ, ಕಾಲು ಉಳುಕ್ಯಾದೇನು?” ಅಂತ ಎಣ್ಣಿ ಹಚ್ಚಿದ್ಳು.

ಮೊದಲು ಹಳೇದು ನೋಡಾಕ ಊರಾಗಿನ ರೋಜಾ ಓಣಿಗೆ ಹೋದೆ. ಅಲ್ಲಿ ಹಳೇ ಸಾಮಾನು ಮಾರೋ ಮಹಬೂಬ ಚಾಚಾ ಮಿಲಿಟರಿಯವರ ಹರಾಜಿನಾಗ ಒಂದು ಟ್ರೇಲರ್ ಹಿಡದಿದ್ದ. ಜೀಪಿನ ಹಿಂದ ಕಟ್ಟೋದದು, ರಬ್ಬರ ಗಾಲೀದು. ನೊಗ ಹಚ್ಚಿದ್ರ ಎತ್ತೂ ಎಳೀತಾವ ಅಂತ ಚಾಚಾನ ವಾದ. ನಾನು ಹುಟ್ಟಿದಾಗಿಂದ ಟ್ರೇಲರ್ ಕೊಂಡವನ ಹಂಗ ಸುತ್ತ ತಿರುಗಿ, ಗಾಲಿಗೆ ಜೋರಾಗಿ ಒದ್ದು ನೋಡ್ದೆ. ಗಾಲಿ ಅಲ್ಲಾಡಲಿಲ್ಲ, ನನ್ನ ಹೆಬ್ಬೆರಳಿನ ಉಗುರು ಅಲ್ಲಾಡ್ತು. “ದೇಖಾ? ಎಷ್ಟು ಮಜಬೂತ್!” ಅಂದ ಚಾಚಾ.

“ಹಳೇದು ಅದ ಅಲ್ಲ ಚಾಚಾ,” ಅಂದೆ, ಕಣ್ಣೀರು ತಡಕೊಂಡು.

“ಹಳೇದು ಅಂದ್ರ ಅನುಭವಸ್ಥ ಅಂತ ತಿಳಿ ಬೇಟಾ. ನೀನು ಹೊಸಾ ಮಾಲು ಇದ್ದಿ. ನಿನ್ನಿಂದ ಏನು ಕೆಲಸ ಆಗ್ಯಾದ ಹೇಳು?”

ಟ್ರೇಲರಿಗೆ ಏನೂ ಐಬು ಇರಲಿಲ್ಲ ಅಂತ ಈಗ ಅನಸ್ತದ. ಆದ್ರ ಆ ಮಾತು ಕೇಳಿದ ಮ್ಯಾಲ ಹಳೇದು ಕೊಂಡ್ರ ನನ್ನ ಮರ್ಯಾದಿ ಏನಾಗಬೇಕು? ಮನಿಗೆ ಬಂದು ಕಾಕಿಗೆ ಕೇಳ್ದೆ. “ಹೊಸಾದ ಮಾಡಿಸು. ಹಳೇದು ಮನ್ಯಾಗ ಒಂದು ಅದ, ಸಾಕು,” ಅಂತ ಕಾಕಾನ ಕಡೆ ನೋಡಿದ್ಳು. ಮರುದಿನ ರೋಜಾ ಓಣಿಗೆ ಹೋಗಿ, ಹೊಸಾದರ ಹಿರಿಮಿ ಮ್ಯಾಲ ಚಾಚಾಗ ಒಂದು ಭಾಷಣ ಬಿಗದು ಬಂದೆ. ನಾನು ಅಲ್ಲಿ ಇದ್ದಾಗಲೇ ಒಂದು ದಾಲ ಮಿಲ್ಲಿನವರು ಟ್ರೇಲರ್ ಎಳಕೊಂಡು ಹೋದ್ರು. ಸಂತೋಷದಿಂದ ಹಿಂದಿನಿಂದ ದೂಕಿಯೂ ಕೊಟ್ಟೆ.

ಹೊಸಾ ಬಂಡಿ ಮಾಡೋ ಚಲೋ ಬಡಿಗೇರ ಇದ್ದದ್ದು ಕಮಲಾಪುರದಾಗ. ಅವನಿಗೆ ಓದಾಕ ಬರ್ತಿದ್ದಿಲ್ಲ. ಅವನಿಗೆ ಹೇಳೋ ಮಾತನ್ನ ಕಾಕಾನ ದೋಸ್ತ, ಅದೇ ಊರಾಗ ತೋಟ ಮಾಡೋ ಖಾದರಸಾಬರಿಗೆ ಬರದು ಕಳಸಬೇಕು, ಅವರು ಅವನಿಗೆ ಹೇಳಬೇಕು. “ಕನ್ನಡದಾಗ ಬರಿ,” ಅಂದ್ರು ಕಾಕಾ. ನಾನು ಬಿಟ್ಟೇನ? ನಿಜಾಮರ ಕಾಲದ ಸಾಲ್ಯಾಗ ಏಳು ವರ್ಷ ಉರ್ದು ಬರದವ ನಾನು. ಅದನ್ನ ಉರ್ದು ಅಂತ ಮಾಸ್ತರರು ಒಪ್ಪಿದ್ದು ಒಂದೇ ವರ್ಷ, ಆ ಮಾತು ಬ್ಯಾರೆ. ಉರ್ದು ಬರಿಯೋ ಮುಂದ ‘ಬ’ಕ್ಕ ಎರಡು ಕಣ್ಣಿನ ‘ಹೆ’ ಅಂತ ಒಂದು ಅಕ್ಷರ ಜೋಡಿಸಿದ್ರ ‘ಭ’ ಆಗ್ತದ. ನೋಡಾಕ ಭಾಳ ಛಂದ. ಇಂಥಾ ಅಕ್ಷರ ಬಿಟ್ಟು ಅದೆಂಥಾ ಪತ್ರ ಅಂತ ‘ಬಂಡಿ’ಗೂ ಒಂದು ಜೋಡಿಸಿಬಿಟ್ಟೆ. ಮುಂದ ಬರದೆ: ಲಗ್ನಕ್ಕ ಬೇಕು. ಹಳೇದು ಬ್ಯಾಡೇ ಬ್ಯಾಡ, ಹೊಸಾದ ಇರಲಿ. ಹುಳ ಹಿಡದಿರಬಾರದು, ಬಾಗಿರಬಾರದು. ಎರಡು ಎತ್ತು ಎಳಿಯೋ ಅಷ್ಟು ದೊಡ್ಡದಿರಲಿ. ಲಗ್ನದ ಮೂರು ದಿನ ಮೊದಲು ನಮ್ಮ ಅಂಗಡಿ ಮುಂದ ನಿಂತಿರಬೇಕು. ಅಕ್ಷರದ ಛಂದ ನೋಡೋದ್ರಾಗ ಬಡಿಗೇರನ ಸುದ್ದಿ ಬರಿಯೋದು ಒಂದು ಮರತೆ.

ಹೇಳಿದ ದಿನಕ್ಕ ಸರಿಯಾಗಿ ಮುಂಜಾನೆ ಗೆಜ್ಜಿ ಸಪ್ಪಳ ಕೇಳ್ತು. ನಾನು ಸೊಂಟ ವಾಲಿಸಿ ಹೊರಗ ಓಡಿದೆ. ಹಸರು ಗುಡ್ಡ ಒಂದು ಓಣ್ಯಾಗ ಬರಾಕತ್ತಿತ್ತು. ಗುಡ್ಡದ ಮ್ಯಾಲ ಖಾದರಸಾಬರು ಕೂತಿದ್ರು.

“ಸಲಾಮ್ ಕಾಕಾಸಾಹೇಬ್ರ! ಪೂರಾ ಕಮಲಾಪುರದ ತೋಟ ಬೋಳಸಿ ತಂದೀನ್ರಿ. ಒಂದೂ ಹಳೇದಿಲ್ಲ, ಹುಳಕಿಲ್ಲ, ಬಾಗಿಲ್ಲ. ತುದಿ ಮುರದು ಮುರದು ನೋಡೀನಿ!”

“ಖಾದರ, ಬಂಡಿ ಎಲ್ಲದ?” ಅಂದ್ರು ಕಾಕಾ.

“ಇದೇನ್ರಿ ಮತ್ತ? ಭಿಂಡಿ!”

ಭಿಂಡಿ ಅಂದ್ರ ಉರ್ದುದಾಗ ಬೆಂಡಿಕಾಯಿ. ಆ ಲಿಪಿಯೊಳಗ ಸಣ್ಣ ಗುಡಿಸು ಬರಿಯಂಗಿಲ್ಲ, ಹಿಂಗಾಗಿ ಬಂಡಿಗೆ ಆ ಎರಡು ಕಣ್ಣು ಹಚ್ಚಿದ್ರ ಓದೋರಿಗೆ ಭಿಂಡಿ ಆಗ್ತದ ಅನ್ನೋದು ಏಳು ವರ್ಷದಾಗ ನನಗ ಯಾರೂ ಹೇಳಿರಲಿಲ್ಲ. ಹೇಳಿದ ದಿನ ನಾನು ಸಾಲಿಗೆ ಹೋಗಿರಲಿಲ್ಲ.

“ಯಾರು ಬರದದ್ದೋ ಏನೋ,” ಅಂದ್ರು ಖಾದರಸಾಬರು, “ಎರಡು ಕಣ್ಣು ಏನು ಛಂದ ತಿದ್ಯಾನ್ರಿ!”

ಕಾಕಾ ನನ್ನ ಕಡೆ ತಿರುಗಿದ್ರು. “ಅಕ್ಷರಕ್ಕ ಎರಡು ಕಣ್ಣು ಇಟ್ಟಿ. ನಿನ್ನವು ಎಲ್ಲಿಟ್ಟಿದ್ದಿ?”

“ಹೊಸಾವ ಬಂದಾವಲ್ರಿ ಕಾಕಾ,” ಅಂತ ಬಾಯಿಗೆ ಬಂದದ್ದು ಅಂದೆ. ಅವರು ಚಪ್ಪಲಿ ಹುಡುಕಾಕತ್ತಿದ್ರು. ಟ್ರೇಲರ್ ಹೋಗ್ಯಾದ, ಹೊಸಾ ಬಂಡಿ ಹುಟ್ಟಿಲ್ಲ, ಲಗ್ನ ಮೂರು ದಿನ ಅದ, ಕೀಲಿ ಅಂತೂ ಕನಸಿನಾಗ ಸುದ್ದಾ ಬರಂಗಿಲ್ಲ. ನಾನು ಗೋಡಿಗೆ ಆತು ನಿಂತೆ.

ಅಷ್ಟರಾಗ ಕಾಕಿ ಹೊರಗ ಬಂದು, ಒಂದು ಬೆಂಡಿಕಾಯಿ ಮುರದು ಬಾಯಾಗ ಹಾಕ್ಕೊಂಡು, “ಇವು ಕಮಲಾಪುರದಿಂದ ನಡಕೋತ ಬಂದಾವೇನು? ಕೆಳಗ ಬಂಡಿ ಅದ ಅಲ್ಲ!” ಅಂದ್ಳು.

ಎಲ್ಲಾರೂ ಬಗ್ಗಿ ನೋಡಿದ್ವಿ. ಹೌದು, ಗುಡ್ಡದ ಕೆಳಗ ಬಂಡಿ ಇತ್ತು. ಖಾದರಸಾಬರ ಅಪ್ಪನ ಕಾಲದ್ದು, ಜಾಲಿ ಕಟಿಗೀದು, ನನಗಿಂತ ಇಪ್ಪತ್ತು ವರ್ಷ ದೊಡ್ಡದು. ಕಾಕಾ ಅದಕ್ಕ ಮುಷ್ಟಿಲೆ ಗುದ್ದಿ ನೋಡಿ, “ಇದ ಕೊಡು ಖಾದರ,” ಅಂದ್ರು. ದೋಸ್ತರ ಮಾತು ಎರಡು ಬೀಡಿ ಸೇದೋದ್ರಾಗ ಮುಗೀತು. ಅರ್ಧ ಬೆಂಡಿಕಾಯಿ ಓಣಿಗೆ ಹಂಚಿದ್ವಿ. ಉಳದ ಅರ್ಧ, ಹಂಡೆ, ಶಾಮಿಯಾನ, ಗ್ಯಾಸಬತ್ತಿ ಎಲ್ಲಾ ಹೇರಿ ಮರುದಿನ ಹೊಂಟ್ವಿ.

ಹೊಂಡೋ ಮುಂದ ಧೈರ್ಯ ಮಾಡಿ, “ಕಾಕಾ, ಸಾಮಾನಂತೂ ಮುಟ್ಟತದ. ಕೀಲಿ?” ಅಂದೆ. ಕಾಕಾ ನಗಲಿಲ್ಲ. ಗಾಲಿ ಕಳಚದಂಗ ಅಚ್ಚಿನ ತುದಿಗೆ ಸಿಗಸೋ ಕಬ್ಬಿಣದ ಕೀಲು ಒಂದನ್ನ ನನ್ನ ಕೈಯಾಗ ಇಟ್ರು.

“ಇದು ಕೀಲು ಆತಲ್ರಿ. ನೀವು ಕೀಲಿ ಅಂದಿದ್ರಿ.”

“ಒಂದು ಗುಡಿಸು ತಗದು ಕೊಂಬು ಹಚ್ಚೀನಿ, ಅಷ್ಟ. ಬಲಗಡಿ ಗಾಲೀದು ಸಡಲ ಅದ. ಅದು ಉದುರಿದ್ರ ಇದು ಹಾಕು. ಬಾಜೂಕ ನಡಕೋತ ಬಾ.”

ಹಿಂಗ ಕಲಬುರಗಿಯಿಂದ ಕಮಲಾಪುರದ ತನಕ ನಾನು ಗಾಲಿ ನೋಡಕೋತ ನಡದೆ. ಕೀಲು ಸೊಂಟಕ್ಕ ಸಿಗಸಿಕೊಂಡಿದ್ದೆ. ಒಂದೇ ಇದ್ದದ್ದಕ್ಕ ಝಣ್ ಅನ್ನಲಿಲ್ಲ. ಲಗ್ನದ ಊಟಕ್ಕ ಕೂತಾಗ ಎಲಿಗೆ ಏನು ಬಿತ್ತು ಅಂತ ನೀವೇ ತಿಳಕೋರಿ. ಎರಡು ಸಲ ನೀಡಿಸಿಕೊಂಡೆ. ಖರೇನ ಹೇಳ್ತೀನಿ, ಒಂದೂ ಹಳೇದಿರಲಿಲ್ಲ, ಒಂದೂ ಹುಳಕಿರಲಿಲ್ಲ. ಪತ್ರ ಅಷ್ಟು ಸ್ಪಷ್ಟ ಬರದಿದ್ದೆ ನೋಡ್ರಿ.