ಎರಡನೇ ನಂಬರಿನ ಸರ್ವರ್ ಅವರಿಗೆ, ಎರಡು ನಿಮಿಷದ ವಿಷಯವಾಗಿ

ಮಾನ್ಯರೇ,

ಡಿಪೋದ ತಂಪು ಕೋಣೆಯಲ್ಲಿ ಬೆವರೆಂಬುದನ್ನೇ ಕಾಣದೆ ವಿರಾಜಮಾನರಾಗಿರುವ ತಮ್ಮ ದಿವ್ಯ ಸನ್ನಿಧಾನಕ್ಕೆ, ಏಳನೇ ನಂಬರಿನ ಬಸ್ಸಿನ ಕಂಡಕ್ಟರ್ ಆದ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮಗೆ ಸ್ವಲ್ಪ ಮೈ ಬಿಸಿಯಾದರೂ ಇಡೀ ಕಂಪ್ಯೂಟರ್ ವಿಭಾಗ ಫ್ಯಾನು ಹಿಡಿದು ಓಡಿಬರುತ್ತದೆ. ನನಗೆ ಜ್ವರ ಬಂದರೆ ಅರ್ಜಿ ಬರೆದುಕೊಡಿ ಎನ್ನುತ್ತಾರೆ.

ನನ್ನ ಯಜಮಾನರು ಹದಿನಾಲ್ಕನೇ ನಂಬರಿನ ಬಸ್ಸಿನ ಡ್ರೈವರ್. ನನ್ನ ಬಸ್ಸು ಮಧ್ಯಾಹ್ನಕ್ಕೇ ಮರಳಿದರೆ ಅವರದು ಬರುವುದು ರಾತ್ರಿ ಊಟದ ತಟ್ಟೆಗಳೆಲ್ಲ ತೊಳೆದಾದ ಮೇಲೆ. ಬಂದವರು ಅರ್ಧ ಮಾತಾಡಿ ನಿದ್ದೆ ಹೋಗುತ್ತಾರೆ, ಉಳಿದರ್ಧಕ್ಕೆ ನಾನು ಐದು ವರ್ಷದಿಂದ ಕಾಯುತ್ತಿದ್ದೇನೆ. ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕಿ ಎಂದು ಗೋಗರೆದು ಗೋಗರೆದು, ಕೊನೆಗೆ ಮ್ಯಾನೇಜರ್ ಸಾಹೇಬರು ಮೂರು ದಿನದ ಪರೀಕ್ಷೆಗೆ ಒಪ್ಪಿದರು.

ಆ ಮೂರೂ ದಿನ ನಡೆದದ್ದಿಷ್ಟು. ಗುಮಾಸ್ತರು ಹಿಂದಿನ ಸಂಜೆ ಅಭ್ಯಾಸಬಲದಿಂದ ಡ್ಯೂಟಿ ಪಟ್ಟಿಯಲ್ಲಿ ನನ್ನನ್ನು ಏಳನೇ ಬಸ್ಸಿಗೇ ಹಾಕಿ, ಬೆಳಗ್ಗೆ ಬಸ್ಸುಗಳು ಹೊರಡುವ ಆರು ಗಂಟೆಗೆ ಒಂದು ನಿಮಿಷವಿರುವಾಗ ನಾಲಿಗೆ ಕಚ್ಚಿಕೊಂಡು ಹದಿನಾಲ್ಕಕ್ಕೆ ತಿದ್ದಿದರು. ತಿದ್ದಿದ್ದು ಒಂದನೇ ನಂಬರಿನ ಸರ್ವರ್ ಮೂಲಕ. ಡ್ರೈವರುಗಳ ಪರದೆಗೆ ಪಟ್ಟಿ ಕೊಡುವವರೂ ಅವರೇ ಆದ್ದರಿಂದ ಯಜಮಾನರು ನನ್ನ ಹೆಸರು ಕಂಡು, ಮೀಸೆ ತಿರುವಿಕೊಂಡು ಕಾದರು. ಕಂಡಕ್ಟರುಗಳ ಪರದೆ ಮಾತ್ರ ತಮ್ಮ ಸುಪರ್ದಿಯಲ್ಲಿದೆ. ಅಸಲಿ ಪಟ್ಟಿ ಡೇಟಾಬೇಸಿನಲ್ಲಿದ್ದರೂ, ಪದೇ ಪದೇ ಕೇಳಿ ಅದಕ್ಕೆ ತೊಂದರೆ ಕೊಡಬಾರದೆಂಬ ದೊಡ್ಡ ಮನಸ್ಸಿನಿಂದ ತಾವು ಒಂದು ನಕಲನ್ನು ನೆನಪಿನಲ್ಲೇ ಇಟ್ಟುಕೊಂಡಿರುತ್ತೀರಂತೆ. ಯಾರಾದರೂ ಪಟ್ಟಿ ತಿದ್ದಿದರೆ ಬದಲಾವಣೆಯ ದಾಖಲೆಯಲ್ಲಿ ಒಂದು ಸಾಲು ಬೀಳುತ್ತದಂತೆ. ತಾವು ಅದನ್ನು ಎರಡು ನಿಮಿಷಕ್ಕೊಮ್ಮೆ ಇಣುಕಿ, ಅಯ್ಯೋ ನನ್ನದು ಹಳತಾಯಿತೆಂದು ನಕಲನ್ನು ಎಸೆದು, ಮತ್ತೆ ಯಾರಾದರೂ ಕೇಳಿದಾಗ ಹೊಸದನ್ನು ತರಿಸಿಕೊಳ್ಳುತ್ತೀರಂತೆ. ಪರದೆ ಹೇಳಿದ್ದೇ ನಮಗೆ ಶಾಸನ. ತಾವು ಇಣುಕುವಷ್ಟರಲ್ಲಿ ನಾನು ಏಳನ್ನೂ, ಹದಿನಾಲ್ಕರ ಹಳೆಯ ಕಂಡಕ್ಟರ್ ಹದಿನಾಲ್ಕನ್ನೂ ಹತ್ತಿ ಹೊರಟಾಗಿರುತ್ತಿತ್ತು.

ಒಂದೇ ಬಸ್ಸು ಬೇಕು ಅಂತ ಪ್ರಾಣ ತಿಂದೋರೂ ನೀವೇ, ಹತ್ತದೇ ಇರೋರೂ ನೀವೇ ಎಂದು ಮೂರನೇ ಸಂಜೆ ಸಾಹೇಬರು ಕೈಚೆಲ್ಲಿದರು. ಅದನ್ನಾದರೂ ಸಹಿಸಿದೆ, ಆದರೆ ಯಜಮಾನರು, ನನ್ನ ಜೊತೆ ಬರೋಕೆ ಮನಸ್ಸಿಲ್ಲ ಅಂದ್ರೆ ನೆಟ್ಟಗೆ ಹೇಳ್ಬಿಡು, ಸರ್ವರ್ ಮೇಲೆ ಯಾಕೆ ಹಾಕ್ತೀಯ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಅಳು ಬಂತು.

ಲೋಕವೆಲ್ಲ ಎದ್ದುಬಿದ್ದು ಓಡುತ್ತಿರುವಾಗ ಹಳೆಯದನ್ನೇ ಇಷ್ಟು ಆತ್ಮವಿಶ್ವಾಸದಿಂದ ಹೇಳುವ ತಮ್ಮ ಸ್ಥಿತಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ವಿನಂತಿ: ಆ ಎರಡು ನಿಮಿಷವನ್ನು ಎರಡು ಸೆಕೆಂಡಿಗೆ ಇಳಿಸಿ, ಇಲ್ಲವೇ ಸೂರ್ಯನೊಂದಿಗೆ ಮಾತಾಡಿ ಬೆಳಗಿನ ಆರು ಗಂಟೆಯನ್ನು ಸ್ವಲ್ಪ ಮುಂದೂಡಿಸಿ, ಅದೂ ಕಷ್ಟವೆಂದಾದರೆ ಖುದ್ದಾಗಿ ನಮ್ಮ ಮನೆಗೆ ದಯಮಾಡಿಸಿ, ಯಜಮಾನರ ಮುಂದೆ ತಪ್ಪೊಪ್ಪಿಕೊಳ್ಳಿ. ಕಿಟಕಿ ತೆರೆದಿಟ್ಟಿರುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಪ್ರಕಾರ ಇನ್ನೂ ಏಳನೇ ನಂಬರಿನ ಕಂಡಕ್ಟರ್

ತಾ.ಕ.: ಪತ್ರ ಚೀಲದಲ್ಲಿರುವಾಗಲೇ ಇನ್ನೊಂದು ನಡೆಯಿತು. ಗುಮಾಸ್ತರು ನಿನ್ನೆ ಸಂಜೆ, ಪಾಪ, ಮೊದಲ ಬಾರಿಗೆ ನೆನಪಿಟ್ಟು ನನ್ನನ್ನು ಹದಿನಾಲ್ಕಕ್ಕೇ ಹಾಕಿದ್ದರು. ಸಾಹೇಬರು ಇಂದು ಬೆಳಗ್ಗೆ ಆರಕ್ಕೆ ಒಂದು ನಿಮಿಷವಿರುವಾಗ ಪರೀಕ್ಷೆ ಮುಗಿಯಿತೆಂದು ಅದನ್ನು ರದ್ದು ಮಾಡಿಸಿದರು. ತಾವು ಎಂದಿನಂತೆ ಹಳೆಯ ನಕಲನ್ನೇ ತಬ್ಬಿಕೊಂಡು ಕುಳಿತಿದ್ದಿರಿ. ಇಡೀ ದಿನ ಹದಿನಾಲ್ಕರಲ್ಲಿ ಸೀಟಿ ಊದಿದೆ; ಡ್ರೈವರೇ, ದಯವಿಟ್ಟು ರಸ್ತೆ ನೋಡಿ ಓಡಿಸಿ ಎಂದು ಪ್ರಯಾಣಿಕರು ಎರಡು ಸಲ ಬೇಡಿಕೊಂಡರು. ಮೇಲಿನ ದೂರನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ತಮಗೆ ನಿಧಾನವಾಗಿ ತಿಳಿದರೆ ಸಾಕು.